ಏಳನೇ ಕುರ್ಚಿಯ ಅಲೆ

ಮನುಷ್ಯ ಮನೆಯಲ್ಲೇ ಇದ್ದು ಅವನ ಕೈ ಮಾತ್ರ ಕೆಲಸಕ್ಕೆ ಹೋಗುವಂತಿದ್ದರೆ? ನಮ್ಮ ಇಡೀ ಯೋಜನೆ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ಕೇಳಲು ಮಾಟದಂತಿದ್ದರೂ ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಬಳ್ಳಾರಿ ದಾರಿಯ ಬಯಲಿನಲ್ಲಿ ಹಳೆಯ ಬ್ಯಾಟರಿಗಳ ಗುಡ್ಡಗಳು ಬೆಳೆದಿದ್ದವು. ವರ್ಷಗಟ್ಟಲೆ ಓಡಿ ಸುಸ್ತಾದ ವಿದ್ಯುತ್ ಸ್ಕೂಟರು, ಬಸ್ಸು, ಟಂಟಂ ಆಟೋಗಳ ಬ್ಯಾಟರಿಗಳು. ಬಿಚ್ಚಿದರೆ ಒಳಗಿನ ಲೋಹ ಮತ್ತೆ ಉಪಯೋಗಕ್ಕೆ ಬರುತ್ತದೆ, ಆದರೆ ಬಿಚ್ಚುವಾಗ ಏಳುವ ಹೊಗೆಯನ್ನು ಮನುಷ್ಯ ಕುಡಿಯುವಂತಿಲ್ಲ. ಹಾಗಾಗಿ ಅಲ್ಲಿ ಹಳಿಗಳ ಮೇಲೆ ಓಡಾಡುವ ಉಕ್ಕಿನ ಕೈಗಳನ್ನು ನಿಲ್ಲಿಸಿದೆವು. ಅವುಗಳನ್ನು ಆಡಿಸುವವರು ಹುಬ್ಬಳ್ಳಿಯಲ್ಲಿ ತಮ್ಮ ತಮ್ಮ ಮನೆಗಳಲ್ಲಿ, ನಾವು ಕೊಟ್ಟ ಕುರ್ಚಿಗಳ ಮೇಲೆ ಕೂತಿರುತ್ತಿದ್ದರು. ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ಗವಸು. ಇಲ್ಲಿ ಬೆರಳು ಮಡಿಸಿದರೆ ಅಲ್ಲಿ ಉಕ್ಕಿನ ಬೆರಳು ಮಡಚಿಕೊಳ್ಳುತ್ತದೆ. ಇಲ್ಲಿ ಎಡಕ್ಕೆ ವಾಲಿದರೆ ಅಲ್ಲಿ ಕೈ ಹಳಿಯ ಮೇಲೆ ಎಡಕ್ಕೆ ಸರಿಯುತ್ತದೆ. ಕೂತವರ ಭಾರ ಯಾವ ಕಡೆ ಬಿತ್ತು ಎಂಬುದನ್ನು ಕುರ್ಚಿಯ ಆಸನ ಸದಾ ಓದುತ್ತಿರುತ್ತದೆ.

ಈ ಕುರ್ಚಿಗಳನ್ನು ಕೊಟ್ಟದ್ದು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದ ತಾಯಿ ತಂದೆಯರಿಗೆ. ಸರಕಾರ ಅವರಿಗೆ ಮಾಸಾಶನ ಕೊಡುತ್ತಿತ್ತು. ಅದರಲ್ಲಿ ಒಲೆ ಉರಿಯುತ್ತಿತ್ತು, ಬದುಕು ಮುಂದೆ ಸರಿಯುತ್ತಿರಲಿಲ್ಲ. ಕೆಲಸಕ್ಕೆ ಹೋಗೋಣವೆಂದರೆ ಮಗುವನ್ನು ಬಿಟ್ಟು ಹೊಸ್ತಿಲು ದಾಟುವಂತಿರಲಿಲ್ಲ. ಇವರು ಕೆಲಸಕ್ಕೆ ಹೋಗಲಾರರಾದರೆ ಕೆಲಸವೇ ಇವರ ಮನೆಗೆ ಬರಲಿ ಎಂದು ಯಾರೋ ಜಾಣರು ಹೇಳಿದರು, ಯೋಜನೆಗೆ 'ಮನೆದುಡಿಮೆ' ಎಂದು ಹೆಸರಾಯಿತು. ಮೊದಲ ತಂಡಕ್ಕೆ ಯುಗಾದಿಯವರೆಗೆ ಪರೀಕ್ಷೆಯ ಅವಧಿ. ಗೆದ್ದವರಿಗೆ ಕಾಯಂ ನೌಕರಿ, ಸೋತವರು ಮತ್ತೆ ಮಾಸಾಶನಕ್ಕೆ.

ನಾನು ಇಂದುಮತಿ, ಆ ಯೋಜನೆಯ ಎಂಜಿನಿಯರು. ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ಎಲ್ಲ ಕುರ್ಚಿಗಳ ಚಲನೆಯನ್ನು ಪರದೆಯ ಮೇಲೆ ನೋಡುವುದು ನನ್ನ ಕೆಲಸ. ಕಾರಣ ಗೊತ್ತಾಗದ ಸಂಗತಿಯೊಂದು ಕಣ್ಣೆದುರಿಗಿದ್ದರೆ ನನಗೆ ಅನ್ನ ಸೇರುವುದಿಲ್ಲ. ಮನೆಯಲ್ಲಿ ಇದಕ್ಕೆ ಹಟ ಎನ್ನುತ್ತಾರೆ, ಕಚೇರಿಯಲ್ಲಿ ಸಂಶೋಧನೆ ಎಂದು ಸಂಬಳ ಕೊಡುತ್ತಾರೆ.

ನನ್ನ ಅನ್ನ ಕೆಡಿಸಿದ್ದು ಏಳನೇ ಕುರ್ಚಿ. ಬೇರೆಯವರ ಗೆರೆಗಳು ಕೆಲಸಕ್ಕೆ ತಕ್ಕಂತೆ ಅಲ್ಲಿ ಇಲ್ಲಿ ಏರಿಳಿಯುತ್ತಿದ್ದವು. ಏಳನೆಯದರಲ್ಲಿ ಮಾತ್ರ ಕೆಲಸದ ಗೆರೆಯ ಒಳಗೆ ಇನ್ನೊಂದು ಸಣ್ಣ ಅಲೆ ಕೂತಿತ್ತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಯಾರೋ ಆರಾಮವಾಗಿ ಉಯ್ಯಾಲೆ ಆಡುತ್ತಿದ್ದಂತೆ. ಬೆಳಗಿನ ಚಹಾದ ಹೊತ್ತು ಕಳೆದ ಮೇಲೆ ಶುರುವಾಗುತ್ತಿತ್ತು, ಸ್ವಲ್ಪ ಹೊತ್ತು ಜೋರಾಗಿ ನಡೆಯುತ್ತಿತ್ತು, ಆಮೇಲೆ ನಿಧಾನಕ್ಕೆ ಇಳಿದು ತಾನಾಗಿಯೇ ನಿಲ್ಲುತ್ತಿತ್ತು. ನಿಂತ ಮೇಲೆ ಆ ಕುರ್ಚಿಯಷ್ಟು ಸ್ಥಿರವಾದ ಕೈ ಇಡೀ ತಂಡದಲ್ಲಿ ಇರಲಿಲ್ಲ. ಒಂದೇ ಮನುಷ್ಯ ಒಮ್ಮೆ ನಡುಗುವುದು, ಒಮ್ಮೆ ಬಂಡೆಯಾಗುವುದು ಹೇಗೆ? ನಾನು ತಲೆ ಕೆರೆದುಕೊಂಡೆ.

ಕುತೂಹಲವಷ್ಟೇ ಆಗಿದ್ದರೆ ಬಿಡಬಹುದಿತ್ತು. ಒಂದು ದಿನ ಆ ಅಲೆಯಲ್ಲಿ ತೂಗಿದ ಉಕ್ಕಿನ ಕೈ ಬ್ಯಾಟರಿಯೊಂದನ್ನು ತಟ್ಟೆಯ ಅಂಚಿಗೆ ತಾಗಿಸಿತು, ಕಿಡಿ ಹಾರಿತು, ಬ್ಯಾಟರಿ ಬಯಲಿನಲ್ಲೆಲ್ಲ ಕೆಲಸ ನಿಂತಿತು. ನಮ್ಮ ಮುಖ್ಯಸ್ಥರು ಜಾಲಿಹಾಳ ಸಾಹೇಬರು. ಅಲೆ ನಿಲ್ಲದಿದ್ದರೆ ಏಳನೇ ಕುರ್ಚಿಯವನನ್ನು ಯುಗಾದಿಯ ಮೊದಲೇ ಕೈಬಿಡಬೇಕಾಗುತ್ತದೆ ಎಂದು ಅವರು ಅಂದೇ ಹೇಳಿಬಿಟ್ಟರು.

ಏಳನೇ ಕುರ್ಚಿಯವನ ಹೆಸರು ಮೈಲಾರಿ. ಮೊದಲು ಟಂಟಂ ರಿಪೇರಿ ಮಾಡುತ್ತಿದ್ದ ಹುಡುಗ. ಹೆಂಡತಿ ರೇಣುಕಾ ಬಾಣಂತನದಲ್ಲೇ ತೀರಿಕೊಂಡಿದ್ದಳು. ಮಗಳು ಮುಕ್ತಾಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ರೈಲು ಹಳಿಗೆ ಹತ್ತಿರವೇ ಅವನ ಮನೆ. ರೈಲಿನ ಅದುರಾಟಕ್ಕೆ ಕುರ್ಚಿ ಅಲುಗುತ್ತಿರಬಹುದೇ ಎಂಬ ಅನುಮಾನದಿಂದ, ಮೊದಲೇ ತಿಳಿಸಿ, ನಾನು ಅಲ್ಲಿಗೆ ಹೋದೆ.

ಒಂದೇ ಕೋಣೆಯ ಮನೆ, ಒಪ್ಪವಾಗಿತ್ತು. ಮೈಲಾರಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಚಹಾ ಕಾಸಿದ. ನಾನು ನೆಲಕ್ಕೆ ಕಂಪನ ಅಳೆಯುವ ಯಂತ್ರ ಹಚ್ಚಿ ಎರಡು ಗೂಡ್ಸ್ ರೈಲು ಹೋಗುವವರೆಗೆ ಕಾದೆ. ನೆಲ ಅದುರಿತು, ನನ್ನ ಅಲೆ ಅದರಲ್ಲಿ ಇರಲಿಲ್ಲ. ಫ್ಯಾನು ಹಾಕಿಸಿದೆ, ತೆಗೆಸಿದೆ. ಅವನ ನಾಡಿ ಹಿಡಿದು ಎಣಿಸಿದೆ. ಕೆಲಸದ ಹೊತ್ತಿನಲ್ಲಿ ಮಗು ಎಲ್ಲಿರುತ್ತದೆ ಎಂದು ಕೇಳಿದ್ದಕ್ಕೆ, ಬಾಜೂ ಮನೆಯ ಹಸೀನಾ ಚಾಚಿ ನೋಡಿಕೊಳ್ಳುತ್ತಾರೆ ಎಂದ. ನಿಯಮ ಹಾಗೆಯೇ ಇತ್ತು. ಕೆಲಸದ ಕೋಣೆಯಲ್ಲಿ ಮಗು ಇರಕೂಡದು, ಬೇರೊಬ್ಬರ ಕೈಯಲ್ಲಿರಬೇಕು. ನಮ್ಮ ಶಿಶುವಿಹಾರಕ್ಕೆ ಸೇರಿಸೋಣವೆಂದರೆ ಅಲ್ಲಿ ನಡೆಯಲು ಬರುವ ಮಕ್ಕಳನ್ನಷ್ಟೇ ತೆಗೆದುಕೊಳ್ಳುತ್ತಿದ್ದರು.

ಅಂದು ಅಲ್ಲಿ ಮೈಲಾರಿಯ ಅತ್ತೆ ಗಂಗವ್ವ ಕೂಡ ಇದ್ದರು. ಗುಳೇದಗುಡ್ಡದ ನೇಕಾರರ ಮನೆಯವರು. ನನ್ನ ಯಂತ್ರ, ತಂತಿ ಎಲ್ಲವನ್ನೂ ಸುಮ್ಮನೆ ನೋಡುತ್ತ ಕೂತಿದ್ದವರು ನಾನು ಎದ್ದು ಹೊರಟಾಗ ಬಾಗಿಲವರೆಗೆ ಬಂದರು.

"ಅಕ್ಕಾರ, ಇವನ ನೌಕರಿ ಕಾಯಂ ಆಗತೈತೇನ್ರೀ? ಆದ್ರ ಕೂಸು ಇಲ್ಲೇ ಬೆಳೀಲಿ, ನಂದೇನೂ ತಕರಾರಿಲ್ಲ. ಆಗಲಿಲ್ಲಂದ್ರ ಯುಗಾದಿ ಆದಮ್ಯಾಲೆ ನಾನ ಒಯ್ತೇನಿ. ದುಡಿಮಿ ಇಲ್ಲದ ಗಂಡಸು ಒಬ್ಬಾಂವ ಹೆಣ್ಣಕೂಸಿನ್ನ ಹ್ಯಾಂಗ ಸಾಕ್ಯಾನು?"

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ಕಳೆದುಕೊಂಡವರು, ಮೊಮ್ಮಗಳ ಬಗ್ಗೆ ಹೆದರಿದ್ದರು, ಅಷ್ಟೆ. ಒಳಗಿದ್ದ ಮೈಲಾರಿ ಮಗುವಿನ ತಲೆಯ ಮೇಲೆ ಗಲ್ಲ ಊರಿ ಗೋಡೆ ನೋಡುತ್ತಿದ್ದ. ನಾನು ನೋಡೋಣ ಎಂದು ಗೊಣಗಿ ಬಂದುಬಿಟ್ಟೆ.

ಕಚೇರಿಯಲ್ಲಿ ಜಾಲಿಹಾಳ ಸಾಹೇಬರು ತಮ್ಮದೇ ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದರು. "ಇಂದುಮತಿಯವರ, ನೀವು ರೈಲು, ಫ್ಯಾನು ಅಂತ ಊರ ಸುತ್ತಾಕತ್ತೀರಿ. ಅಂವ ಮುಂಜಾನೆನ ಗುಂಡು ಹಾಕಿ ಕೂಡ್ತಾನ, ಇಳದ ಮ್ಯಾಲೆ ಸರಿ ಆಗ್ತಾನ. ಇದಕ್ಕ ವಿಜ್ಞಾನ ಯಾಕ ಬೇಕು?"

ಅವರ ತರ್ಕ ಅಲೆಗೆ ಸರಿಯಾಗಿ ಹೊಂದುತ್ತಿತ್ತು ಎಂಬುದೇ ನನಗೆ ಸಿಟ್ಟು ತರಿಸಿತು. ಮೈಲಾರಿಯನ್ನು ಆಸ್ಪತ್ರೆಗೆ ಕಳಿಸಿ ರಕ್ತ ತೆಗೆಸಿದರು, ಉಸಿರು ಊದಿಸಿದರು. ಹೆಂಡದ ಹನಿಯೂ ಸಿಗಲಿಲ್ಲ. ನರದ ಡಾಕ್ಟರು ಅವನ ಕೈ ಚಾಚಿಸಿ ನೋಡಿ, ಹೀಗೆ ನಿಲ್ಲುವ ಕೈ ತಮಗೂ ಇಲ್ಲ ಎಂದರಂತೆ. ಮೈಲಾರಿ ಯಾರ ಮೇಲೂ ಸಿಡಿಮಿಡಿ ಮಾಡಲಿಲ್ಲ, ಊದು ಎಂದಲ್ಲಿ ಊದಿ ಬಂದ. ಅವನಿಗೆ ಆ ನೌಕರಿ ಅಷ್ಟು ಬೇಕಾಗಿತ್ತು.

ಕಾರಣ ಸಿಗದಿದ್ದರೆ ಅಲೆಯನ್ನೇ ಅದುಮೋಣ ಎಂದು ನಾನು ಇನ್ನೊಂದು ದಾರಿ ಹಿಡಿದೆ. ನಮ್ಮ ಕುರ್ಚಿ ಬರೀ ಓದುವ ಕುರ್ಚಿಯಲ್ಲ, ಅದರೊಳಗೆ ಸಣ್ಣ ಮೋಟಾರುಗಳೂ ಇವೆ. ಅಲ್ಲಿ ಉಕ್ಕಿನ ಕೈಗೆ ಏನಾದರೂ ಅಡ್ಡ ಬಂದರೆ ಇಲ್ಲಿ ಕೂತವರಿಗೆ ಅದು ಒತ್ತಿ ತಿಳಿಸುತ್ತದೆ. ಆ ಮೋಟಾರುಗಳಿಗೆ ನಾನು ಹೊಸ ಪಾಠ ಕಲಿಸಿದೆ. ಸೊಂಟ ಎಡಕ್ಕೆ ತೂಗಿದರೆ ಕುರ್ಚಿ ಬಲಕ್ಕೆ ಒತ್ತಬೇಕು, ಬಲಕ್ಕೆ ತೂಗಿದರೆ ಎಡಕ್ಕೆ. ಇದಕ್ಕೆ ಎದುರೊತ್ತು ಎಂದು ಹೆಸರಿಟ್ಟು ಗುಂಡಿ ಒತ್ತಿದೆ. ಪರದೆಯ ಮೇಲಿನ ಅಲೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚಪ್ಪಟೆಯಾಯಿತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ಕೂರುವಷ್ಟರಲ್ಲಿ ಏಳನೇ ಕುರ್ಚಿ ಖಾಲಿಯಾಗಿತ್ತು. ಮೈಲಾರಿ ವಿರಾಮ ಕೇಳಿ ಎದ್ದು ಹೋಗಿದ್ದ. ಬಹಳ ಹೊತ್ತಿನ ಮೇಲೆ ಬಂದ. ಬಂದೊಡನೆ ಅಲೆಯೂ ಬಂತು, ನಾನು ಗುಂಡಿ ಒತ್ತಿದೆ, ಅಲೆ ಹೋಯಿತು, ಸ್ವಲ್ಪದರಲ್ಲಿ ಮೈಲಾರಿಯೂ ಎದ್ದು ಹೋದ. ಮರುದಿನವೂ ಹಾಗೆಯೇ. ನಾನು ಎದುರೊತ್ತನ್ನು ಹಚ್ಚಿ ನೋಡಿದೆ, ಆರಿಸಿ ನೋಡಿದೆ. ಹಚ್ಚಿದರೆ ಮನುಷ್ಯ ಏಳುತ್ತಾನೆ, ಆರಿಸಿದರೆ ಕೂರುತ್ತಾನೆ. ಕುರ್ಚಿ ನೋಯಿಸುತ್ತಿದೆಯೇ ಎಂದು ಫೋನಿನಲ್ಲಿ ಕೇಳಿದರೆ, ಇಲ್ಲ ಮೇಡಂ, ಕುರ್ಚಿ ಚೊಲೋ ಐತಿ ಎಂದು ಫೋನಿಟ್ಟ. ಇಷ್ಟು ವರ್ಷದ ಕೆಲಸದಲ್ಲಿ ಇಂಥ ವಿಚಿತ್ರ ಯಂತ್ರವನ್ನು ನಾನು ಕಂಡಿರಲಿಲ್ಲ. ನನ್ನ ಗುಂಡಿಗೂ ಅವನ ಕಾಲಿಗೂ ಏನು ನಂಟು?

ಯುಗಾದಿ ಹತ್ತಿರವಾಗಿತ್ತು. ಇನ್ನು ತಡೆಯಲಾರೆ ಎಂದು ಒಂದು ಬೆಳಿಗ್ಗೆ, ಅವನ ಕೆಲಸದ ಹೊತ್ತಿಗೇ, ಹೇಳದೆ ಕೇಳದೆ ಹಳೇ ಹುಬ್ಬಳ್ಳಿಗೆ ಹೊರಟೆ. ಹೊರಡುವಾಗ ಸಾಹೇಬರಿಗೆ ಎದುರೊತ್ತಿನ ಗುಂಡಿ ತೋರಿಸಿ, ಅಲೆ ಜಾಸ್ತಿಯಾದರೆ ಒತ್ತಿ ಎಂದು ಹೇಳಿದ್ದೆ.

ಬಾಗಿಲು ಅರ್ಧ ತೆರೆದಿತ್ತು. ಹಸೀನಾ ಚಾಚಿಯ ಮನೆಗೆ ಬೀಗ. ಒಳಗೆ ಇಣುಕಿದೆ. ಮೈಲಾರಿ ಕನ್ನಡಕ ಹಾಕಿ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ಇಲ್ಲಿ ಕಾಣದ ಯಾವುದೋ ಬ್ಯಾಟರಿಯ ಮುಚ್ಚಳವನ್ನು ಅವನ ಕೈ ಮೆಲ್ಲಗೆ ಎತ್ತುತ್ತಿತ್ತು. ಕೋಣೆಯ ಇನ್ನೊಂದು ಮೂಲೆಯಲ್ಲಿ, ಚಾವಣಿಯ ಕೊಕ್ಕೆಗೆ ಹಸಿರು ಸೀರೆಯ ಜೋಲಿ ಕಟ್ಟಿತ್ತು. ಜೋಲಿಯಿಂದ ಒಂದು ಹಗ್ಗ ಇಳಿದು ನೆಲದುದ್ದಕ್ಕೂ ಬಂದು ಮೈಲಾರಿಯ ಬಲಗಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಹೆಬ್ಬೆರಳು ಎಳೆಯುತ್ತಿತ್ತು, ಬಿಡುತ್ತಿತ್ತು. ಜೋಲಿ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಬರುತ್ತಿತ್ತು. ನಮ್ಮ ಕಡೆಯ ಹೆಂಗಸರು ರೊಟ್ಟಿ ಬಡಿಯುತ್ತ, ಕಾಳು ಆರಿಸುತ್ತ ಕೂಸನ್ನು ಮಲಗಿಸುವುದು ಹೀಗೆಯೇ. ನನ್ನನ್ನೂ ನನ್ನ ಅವ್ವ ಹೀಗೆ ತೂಗಿದ್ದಳು, ಆದರೂ ಅದು ನನಗೆ ಹೊಳೆದಿರಲಿಲ್ಲ. ಕೈಗೆ ಗವಸು ಹಾಕಿದೆವು, ಕಣ್ಣಿಗೆ ಕನ್ನಡಕ ಹಾಕಿದೆವು, ಕಾಲಿನ ಹೆಬ್ಬೆರಳನ್ನು ನಾವು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಬ್ಬೆರಳು ಎಳೆದರೆ ತೊಡೆ ಎಳೆಯುತ್ತದೆ, ತೊಡೆ ಎಳೆದರೆ ಸೊಂಟ ವಾಲುತ್ತದೆ, ಸೊಂಟ ವಾಲಿದರೆ ಬಳ್ಳಾರಿ ದಾರಿಯಲ್ಲಿ ಉಕ್ಕಿನ ಕೈ ತೂಗುತ್ತದೆ.

ನನಗೆ ಜೋರಾಗಿ ನಗಬೇಕೆನಿಸಿತು. ಅಷ್ಟರಲ್ಲಿ ಕುರ್ಚಿ ಗುಯ್ ಎಂದಿತು. ಸಾಹೇಬರು ಗುಂಡಿ ಒತ್ತಿದ್ದರು. ಮೈಲಾರಿಯ ಸೊಂಟ ಹಿಡಿದುಕೊಂಡಂತೆ ನಿಂತಿತು, ಕಾಲು ಲಯ ತಪ್ಪಿತು, ಜೋಲಿ ಒಮ್ಮೆ ಸೊಟ್ಟಗೆ ಹೊರಳಿ ನಿಂತುಹೋಯಿತು. ಸೀರೆಯ ಮಡಿಕೆಯಿಂದ ಒಂದು ಪುಟ್ಟ ಮುಖ ಮೇಲೆದ್ದು ನನ್ನನ್ನೇ ನೋಡಿತು. ಇಷ್ಟು ದಿನ ಆ ಗುಂಡಿ ಒತ್ತಿ ನಾನು ಎಬ್ಬಿಸುತ್ತಿದ್ದದ್ದು ಈ ಕೂಸನ್ನು. ಏನಾದರೂ ಮಾಡೋಣವೆಂದು ಓಡಿಹೋಗಿ ಜೋಲಿ ತೂಗಿದೆ. ಮುಕ್ತಾ ಒಂದೆರಡು ಸಲ ನನ್ನ ತೂಗುವಿಕೆಯನ್ನು ಪರೀಕ್ಷಿಸಿ, ಸಾಲದೆಂದು ತೀರ್ಮಾನಿಸಿ, ಕಿವಿ ಕಿತ್ತುಹೋಗುವಂತೆ ಅತ್ತಳು.

ಮೈಲಾರಿ ಕನ್ನಡಕ ತೆಗೆದು ನನ್ನನ್ನು ಕಂಡ. ಮುಖ ಬಿಳಿಚಿಕೊಂಡಿತು. ಕೂಸನ್ನು ಎತ್ತಿಕೊಂಡು ಹೆಗಲಿಗೆ ಹಾಕಿ, ಅದು ಸುಮ್ಮನಾಗುವವರೆಗೆ ಬೆನ್ನು ತಟ್ಟಿ, ಆಮೇಲೆ ಒಂದೊಂದಾಗಿ ಹೇಳಿದ. ಹಸೀನಾ ಚಾಚಿ ಮಗಳ ಬಾಣಂತನಕ್ಕೆ ಗದಗಕ್ಕೆ ಹೋಗಿ ಬಹಳ ದಿನವಾಗಿತ್ತು. ಚಾಚಿ ಇದ್ದಾಗಲೂ ಮುಕ್ತಾ ಮಲಗುತ್ತಿದ್ದದ್ದು ಅಪ್ಪ ತೂಗಿದರೆ ಮಾತ್ರ. ಹೇಳಿದರೆ ತೆಗೆದುಹಾಕುತ್ತಾರೆಂದು ಹೇಳಿರಲಿಲ್ಲ. ನಾನು ಹಿಂದೆ ಬಂದ ದಿನ ಜೋಲಿ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದನಂತೆ. ಸೀರೆ ರೇಣುಕಾಳದು.

"ಮೇಡಂ, ಕಣ್ಣು ನಿಮಗ ಕೊಟ್ಟಿದ್ದೆ. ಕೈ ಎರಡೂ ನಿಮಗ ಕೊಟ್ಟಿದ್ದೆ. ಕಾಲು ಖಾಲಿ ಇದ್ವು, ಅವನ್ನ ಆಕಿಗೆ ಕೊಟ್ಟೆ. ಕುರ್ಚಿ ಕಾಲಿನ ಮಾತೂ ಕೇಳತೈತಿ ಅಂತ ನನಗೇನ ಗೊತ್ರೀ?" ಎಂದ. ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ತಪ್ಪಾತು ಅಂತ ಬೇಕಾದ್ರ ಬಯ್ರೀ. ಕೂಸಿನ್ನ ಕಳಿಸೂ ಹಂಗ ಮಾತ್ರ ಮಾಡಬ್ಯಾಡ್ರೀ," ಎಂದ.

ನಾನು ಬೈಯದೆ ಕಚೇರಿಗೆ ಹೊರಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ ತಿರುಗುತ್ತಿತ್ತು. ಅಲೆಯನ್ನು ಮೈಯಲ್ಲಿ ಅದುಮಲು ಹೋಗಿದ್ದು ನನ್ನ ದಡ್ಡತನ. ಮೈ ತೂಗಲಿ, ತೂಗಿದ್ದನ್ನು ದಾರಿಯಲ್ಲಿ ಕಳೆದು, ಉಳಿದದ್ದನ್ನಷ್ಟೇ ಉಕ್ಕಿನ ಕೈಗೆ ಕಳಿಸಿದರೆ ಸಾಕು. ಇದನ್ನು ಮೊದಲೇ ಮಾಡಲಾಗಿರಲಿಲ್ಲ, ಏಕೆಂದರೆ ಅವನು ಬೇಕೆಂದು ವಾಲಿದ್ದೆಷ್ಟು, ಸುಮ್ಮನೆ ತೂಗಿದ್ದೆಷ್ಟು ಎಂದು ಕುರ್ಚಿಗೆ ಬಿಡಿಸಿ ನೋಡಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಹಗ್ಗಕ್ಕೆ ಒಂದು ಸೆನ್ಸರ್ ಕಟ್ಟಿದರೆ ಎಷ್ಟು ಎಳೆದ ಎಂದು ಅದೇ ಹೇಳುತ್ತದೆ, ಅಷ್ಟನ್ನು ಕಳೆದರಾಯಿತು.

ಜಾಲಿಹಾಳ ಸಾಹೇಬರು ಎಲ್ಲವನ್ನೂ ಕೇಳಿ ಹಣೆ ಹಿಡಿದುಕೊಂಡರು. ಹಗ್ಗಕ್ಕೆ ಸೆನ್ಸರ್ ಕಟ್ಟಿದರೆ ಕೋಣೆಯಲ್ಲಿ ಕೂಸಿದೆ ಎಂದು ನಾವೇ ಸಾರಿ ಹೇಳಿದಂತೆ. ಪರಿಶೀಲನೆಗೆ ಬೆಂಗಳೂರಿನಿಂದ ಬರುವವರು ಉಕ್ಕಿನ ಕೈಯದು, ಹಗ್ಗದ್ದು, ಎರಡೂ ಗೆರೆಗಳನ್ನು ನೋಡುತ್ತಾರೆ, ಎರಡನೆಯದು ಏನೆಂದು ಕೇಳುತ್ತಾರೆ. ಮುಚ್ಚಿಟ್ಟರೆ ಅಲೆ ಉಳಿಯುತ್ತದೆ, ಅಲೆ ಉಳಿದರೆ ಮೈಲಾರಿ ಹೋಗುತ್ತಾನೆ. ತೋರಿಸಿದರೆ ನಿಯಮ ಮುರಿದದ್ದಕ್ಕೆ ಹೋಗುತ್ತಾನೆ. ಮೈಲಾರಿಯನ್ನೇ ಕೇಳಿದೆ. ತೋರಿಸಿಬಿಡ್ರೀ ಮೇಡಂ, ಜೋಲಿ ಬಿಚ್ಚಿ ಬಿಚ್ಚಿ ಇಡೋದು ಸಾಕಾಗೇತಿ ಎಂದ. ಬೆಂಗಳೂರಿನವರು ಕೇಳಿದರೆ ನಾನೇ ಉತ್ತರ ಕೊಡುತ್ತೇನೆ ಎಂದು ಸಾಹೇಬರಿಗೆ ಮಾತು ಕೊಟ್ಟೆ. ಅವರೂ ಒಳಗೊಳಗೆ ಮೆತ್ತಗಿನ ಮನುಷ್ಯ. ಹಗ್ಗಕ್ಕೆ ಕಟ್ಟುವ ಸೆನ್ಸರನ್ನು ಆರಿಸಿ ತಂದುಕೊಟ್ಟದ್ದು ಅವರೇ.

ಪರಿಶೀಲನೆಯ ದಿನ ಬಂತು. ಬೆಂಗಳೂರಿನ ತಂಡದ ಮುಖ್ಯಸ್ಥೆ ಅನಸೂಯಾ ರೈ, ಕಡಿಮೆ ಮಾತಿನ ಅಧಿಕಾರಿ. ಒಂದೊಂದೇ ಕುರ್ಚಿಯನ್ನು ನೋಡುತ್ತ ಏಳನೆಯದಕ್ಕೆ ಬಂದರು. ದೊಡ್ಡ ಪರದೆಯ ಮೇಲೆ ಉಕ್ಕಿನ ಕೈ ಬ್ಯಾಟರಿಯೊಂದರ ಹೊಟ್ಟೆ ತೆರೆದು, ಒಳಗಿನ ತೆಳು ತಗಡನ್ನು ಹಾಲಿನ ಕೆನೆ ತೆಗೆದ ಹಾಗೆ ಎತ್ತುತ್ತಿತ್ತು. ಮೇಲಿನ ಗೆರೆ ನೇರ. ಕೆಳಗಿನ ಗೆರೆಯಲ್ಲಿ ನನ್ನ ಹಳೆಯ ಅಲೆ ಎಡಕ್ಕೆ ಬಲಕ್ಕೆ ಆಡುತ್ತಿತ್ತು.

"ಕೆಳಗಿನದು ಏನು?"

ಸಾಹೇಬರು ಫ್ಯಾನು ನೋಡಿದರು. ಅದು ಮಗುವಿನ ಜೋಲಿಯ ಹಗ್ಗ ಎಂದು ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಚಾಚಿ ಗದಗಕ್ಕೆ ಹೋದದ್ದು, ಅಲೆ, ಗುಂಡಿ, ಹೆಬ್ಬೆರಳು. ಅನಸೂಯಾ ರೈ ನಗಲಿಲ್ಲ. "ಹಾಗಾದರೆ ಇವರು ನಮಗೆ ಸುಳ್ಳು ಹೇಳಿದ್ದಾರೆ. ಕೋಣೆಯಲ್ಲಿ ಮಗು ಇರಬಾರದು ಎಂಬ ನಿಯಮ ಮಾಡಿದ್ದು ಗಮನ ಚದುರಬಾರದು ಎಂದು. ಇದನ್ನು ನಾನು ಹೇಗೆ ಒಪ್ಪಲಿ?" ಎಂದರು. ಜೊತೆಗೆ ಬಂದವರು ತಲೆಯಾಡಿಸಿದರು. ನಾನು ದನಿ ಏರಿಸಿದೆ. ಚದುರಿದ ಗಮನ ಮೇಲಿನ ಗೆರೆಯಲ್ಲಿ ಎಲ್ಲಿದೆ, ತೋರಿಸಿ ಎಂದೆ. ಅವರೂ ದನಿ ಏರಿಸಿದರು. ಕೊಠಡಿಯಲ್ಲಿ ಗದ್ದಲವಾಯಿತು.

ಆಗ ಕೆಳಗಿನ ಗೆರೆ ಸಣ್ಣದಾಗತೊಡಗಿತು. ಮೊದಲು ಅದನ್ನು ಗಮನಿಸಿದ್ದು ಜಾಲಿಹಾಳ ಸಾಹೇಬರು. ಏನೋ ಹೇಳಲು ಹೊರಟವರು ಅರ್ಧಕ್ಕೇ ನಿಲ್ಲಿಸಿ, ಪರದೆಯ ಕಡೆ ಬೆರಳು ತೋರಿಸಿ, ಆ ಬೆರಳನ್ನೇ ತುಟಿಯ ಮೇಲೆ ಇಟ್ಟುಕೊಂಡರು. ಎಲ್ಲರೂ ತಿರುಗಿ ನೋಡಿದೆವು. ಅಲೆ ಇಳಿಯುತ್ತಿತ್ತು. ಎಡಕ್ಕೆ, ಬಹಳ ಹೊತ್ತಿನ ಮೇಲೆ ಬಲಕ್ಕೆ. ಹಳೇ ಹುಬ್ಬಳ್ಳಿಯ ಕೂಸಿಗೆ ನಮ್ಮ ಗದ್ದಲ ಕೇಳುವ ಮಾತೇ ಇರಲಿಲ್ಲ. ಆದರೂ ಯಾರೂ ಕುರ್ಚಿ ಸರಿಸಲಿಲ್ಲ, ಯಾರೂ ಕೆಮ್ಮಲಿಲ್ಲ. ಇನ್ನೊಂದು ಸಣ್ಣ ಏರು ಬಂತು, ಅಷ್ಟರ ಮೇಲೆ ಗೆರೆ ಮಲಗಿತು.

"ಮಲಗಿತಾ?" ಎಂದು ಅನಸೂಯಾ ರೈ ಪಿಸುಗುಟ್ಟಿದರು.

ಮಲಗಿತು ಎಂದು ನಾನೂ ಪಿಸುಗುಟ್ಟಿದೆ. ಮುಂದಿನ ವಾದವೆಲ್ಲ ಪಿಸುಮಾತಿನಲ್ಲೇ ನಡೆಯಿತು, ಮತ್ತು ಪಿಸುಮಾತಿನಲ್ಲಿ ಒಬ್ಬನನ್ನು ಕೆಲಸದಿಂದ ತೆಗೆಯುವುದು ಬಹಳ ಕಷ್ಟ ಎಂದು ನನಗೆ ಅಂದು ತಿಳಿಯಿತು. ಅನಸೂಯಾ ರೈ ಕುರ್ಚಿ ಎಳೆಯದೆ ಎತ್ತಿ ತಂದು ಪರದೆಯ ಮುಂದೆ ಹಾಕಿಕೊಂಡು ಕೂತರು. ಮೈಲಾರಿಯ ಕೈ ಒಂದಾದ ಮೇಲೆ ಒಂದು ಬ್ಯಾಟರಿ ಬಿಚ್ಚುತ್ತಿದ್ದದ್ದನ್ನು ಬಹಳ ಹೊತ್ತು ನೋಡಿದರು. ಒಂದೂ ತಾಗಲಿಲ್ಲ, ಒಂದೂ ಅಲುಗಲಿಲ್ಲ. ಕೊನೆಗೆ ನನ್ನ ಕಡೆ ಬಾಗಿದರು.

"ನಿಯಮವನ್ನು ನಾನು ತಿದ್ದಿಸುತ್ತೇನೆ. ಹಗ್ಗವನ್ನು ಕುರ್ಚಿಯ ಭಾಗ ಎಂದು ಸೇರಿಸಿ, ಬೇಕೆಂದವರಿಗೆಲ್ಲ ಕೊಡಿ. ಇವರ ನೌಕರಿ ಕಾಯಂ. ಈಗಲೇ ಹೇಳಿ ಅವರಿಗೆ."

ನಾನು ಮೈಕಿಗೆ ಕೈ ಹಾಕಿದೆ. ಈ ಸುದ್ದಿ ಕಿವಿಗೆ ಬಿದ್ದರೆ ಆ ಹುಡುಗ ಸುಮ್ಮನೆ ಕೂತಿರುತ್ತಾನೆಯೇ? ಎದ್ದು ನಿಲ್ಲುತ್ತಾನೆ, ಕೂಗುತ್ತಾನೆ, ಹೆಬ್ಬೆರಳಿನ ಹಗ್ಗ ಜಗ್ಗುತ್ತದೆ. ನಾನು ಕೆಳಗಿನ ಗೆರೆ ತೋರಿಸಿದೆ. ಅನಸೂಯಾ ರೈ ಅದನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯಿಂದ ಮೈಕು ತೆಗೆದುಕೊಂಡು ಸದ್ದಾಗದಂತೆ ಮೇಜಿನ ಮೇಲಿಟ್ಟರು.

ಸಾಹೇಬರು ಎಲ್ಲರಿಗೂ ಚಹಾ ತರಿಸಿದರು. ಅಷ್ಟು ದೊಡ್ಡ ಅಧಿಕಾರಿಗಳೂ ನಾವೂ ಬಟ್ಟಲು ತಟ್ಟೆಗೆ ತಾಗದಂತೆ ಕುಡಿಯುತ್ತ, ಮುಕ್ತಾ ಏಳಲಿ ಎಂದು ಕಾಯುತ್ತ ಕೂತೆವು.